ತಿಗರಿಯ ಪಕ್ಕದ ಮಣೆ

“ಬುದ್ಧಿ, ಏನನ್ನೂ ಕದಿಯದೆ ಬರೀ ಬೀಗ ತೆಗೆದು ತೋರಿಸಿದವರಿಗೆ ಶಿಕ್ಷೆ ಆಗಬೇಕೋ ಬೇಡವೋ?” ಎಂದು ಶಿಷ್ಯ ಕೇಳಿದ.

ಅವನು ಮಠದಲ್ಲೇ ಓದಿದವನು. ಈಗ ಜಿಲ್ಲೆಯ ಮತದಾರರ ಪಟ್ಟಿ ಇರುವ ಕಂಪ್ಯೂಟರುಗಳ ಕಾವಲು ಅವನದು. ಹೊರದೇಶದ ಕಳ್ಳರೂ ತನ್ನ ಗೋಡೆ ದಾಟಿಲ್ಲ ಎಂಬ ಹೆಮ್ಮೆ ಅವನಿಗಿತ್ತು. ಆದರೆ ಜೆರಾಕ್ಸ್ ಅಂಗಡಿಯ ಒಬ್ಬ ಹೆಣ್ಣುಮಗಳು, ಜನರ ಅರ್ಜಿ ತುಂಬುತ್ತಾ ತುಂಬುತ್ತಾ, ಪಾಸ್‌ವರ್ಡ್ ಇಲ್ಲದೆಯೇ ಪಟ್ಟಿಯೊಳಗೆ ಹೋಗುವ ದಾರಿ ಕಂಡಿದ್ದಳು. ಒಂದು ಹೆಸರನ್ನೂ ಮುಟ್ಟದೆ ಅವನಿಗೇ ಪತ್ರ ಬರೆದು ತಿಳಿಸಿದ್ದಳು. ಅವನು ಅವಳ ಮೇಲೆ ದೂರು ಕೊಟ್ಟಿದ್ದ. ಬೆಳಗಿನಿಂದ ಅವಳು ಠಾಣೆಯಲ್ಲಿದ್ದಳು. ಮತದಾನಕ್ಕೆ ಇಪ್ಪತ್ತೇ ದಿನ ಉಳಿದಿತ್ತು.

ಗುರುಗಳು ನಕ್ಕರು. “ನಮ್ಮೂರಿನ ಒಂದು ಕತೆ ಕೇಳು. ಹೇಳುವಾಗ ನನ್ನ ಎದೆ ಸ್ವಲ್ಪ ಉಬ್ಬೀತು, ಸಹಿಸಿಕೋ” ಎಂದು ಶುರುಮಾಡಿದರು.

ನಮ್ಮೂರಲ್ಲಿ ಒಂದು ಕೆರೆ. ಅದರ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯನ್ನು ಊರೇ ಆರಿಸುತ್ತಿತ್ತು. ಕಣಕ್ಕೆ ನಿಂತವರಲ್ಲಿ ಒಬ್ಬನ ಗುರುತು ಅವರೆಕಾಳು, ಇನ್ನೊಬ್ಬನದು ಹುರುಳಿ. ಮನೆಗೊಂದು ಕಾಳು ಗಡಿಗೆಗೆ ಬೀಳಬೇಕು. ಆ ವರ್ಷ ಮೇಲಿನ ಗದ್ದೆಗಳ ಧಣಿಯೇ ಕಣಕ್ಕಿಳಿದ. ತೂಬಿನ ಕೀಲಿ ಅವನ ಕೈ ಸೇರಿದರೆ ಕೆಳಗಿನ ಗದ್ದೆಗಳಿಗೆ ಹನಿ ನೀರೂ ಇಲ್ಲ. ಅಲ್ಲಿಯ ಬಡವರಿಗೆ ಇದ್ದ ಬಲವೆಂದರೆ ಆ ಒಂದೊಂದು ಕಾಳು.

ಗಡಿಗೆ ಮಾಡುವವನು ಊರ ಕುಂಬಾರ. ಗಡಿಗೆಯ ಕೊರಳು ಕೈ ತೂರದಷ್ಟು ಕಿರಿದು. ಬಗ್ಗಿಸಿ ಸುರಿಯಲಾಗದ ಹಾಗೆ ಅದನ್ನು ಕಟ್ಟೆಗೆ ಬಿಗಿಯುತ್ತಿದ್ದರು. ಒಡೆಯದೆ ಕಾಳು ಹೊರಬಾರದು. ಆರಿಸುವ ದಿನಕ್ಕೆ ಮುಂಚೆಯೇ ಅವನು ಮೀಸೆ ತಿರುವಿ, ಅದನ್ನು ಚಾವಡಿಯ ಕಟ್ಟೆಗೆ ಬಿಗಿದು, ನಾಲ್ಕು ಕಾಳು ಹಾಕಿ, “ತಾಕತ್ತಿದ್ದೋರು ಒಂದು ಕಾಳು ತೆಗೀರಿ” ಎಂದ. ಗಟ್ಟಿಗರೆಲ್ಲ ಸೋತರು. ಆಗ ಬುಟ್ಟಿ ಹೆಣೆಯುವ ಒಬ್ಬ ಮುದುಕಿ ಬಂದಳು. ಬಿದಿರಿನ ಸೀಳಿನ ತುದಿಗೆ ಹಲಸಿನ ಮೇಣ ಹಚ್ಚಿ, ಕೊರಳೊಳಗೆ ಇಳಿಸಿ, ಒಂದು ಅವರೆಕಾಳು ಎತ್ತಿ ಅವನ ಅಂಗೈಯಲ್ಲಿಟ್ಟಳು.

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕುಂಬಾರನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಹಿರಿಯರು, “ಇದನ್ನ ಇಲ್ಲಿಗೇ ಮುಚ್ಚಿಬಿಡು. ಇವಳನ್ನ ಊರಾಚೆ ಅಟ್ಟು. ಊರಿನ ಮಾನದ ಪ್ರಶ್ನೆ” ಎಂದರು.

“ಮಾನ ಹೋಗಿದ್ದು ನನ್ನ ಗಡಿಗೇದು. ಊರಿನ ಮಾನಾನ ಈಯಮ್ಮ ಉಳಿಸವ್ಳೆ” ಎಂದ ಕುಂಬಾರ, ಗಡಿಗೆಯನ್ನು ಎಲ್ಲರೆದುರೇ ಒಡೆದ.

ಮುದುಕಿಗೆ, ಗಡಿಗೆ ತಿರುಗಿಸುವ ತನ್ನ ತಿಗರಿಯ ಪಕ್ಕ ಮಣೆ ಹಾಕಿ ಕೂರಿಸಿದ. ಎರಡನೆಯ ಗಡಿಗೆಯ ಕೊರಳಿಗೆ ಒಂದು ತಿರುವು ಕೊಟ್ಟ. ಅದನ್ನೂ ಅವಳು ಗೆದ್ದಳು. ಅದನ್ನೂ ಒಡೆದ. ಮೂರನೆಯದಕ್ಕೆ ಎರಡು ತಿರುವು. ದಿನವೆಲ್ಲ ಸೀಳು ತೂರಿಸಿ ತೂರಿಸಿ ಸಾಕಾಗಿ ಅವಳು, “ಆಗಾಕಿಲ್ಲ ಕಣಪ್ಪ” ಎಂದಳು. ಅಂಥದ್ದೇ ಇನ್ನೊಂದನ್ನೂ ಮಾಡಿ ಸುಟ್ಟು ಪಕ್ಕಕ್ಕಿಟ್ಟರು.

ಆರಿಸುವ ದಿನ ಧಣಿ ಹನ್ನೊಂದು ಕಾಳಿನಿಂದ ಸೋತ. “ಗಡಿಗೆಗೆ ಯಾರೋ ಕೈ ಹಾಕವ್ರೆ” ಎಂದು ಗುಡುಗಿದ. ಕುಂಬಾರ ಆ ಇನ್ನೊಂದು ಗಡಿಗೆಯನ್ನೂ ಕಟ್ಟೆಗೆ ಬಿಗಿದು, ನಾಲ್ಕು ಕಾಳು ಹಾಕಿ, ಸೀಳನ್ನೂ ಮೇಣವನ್ನೂ ಅವನ ಮುಂದಿಟ್ಟು, “ನೀವೇ ಒಂದು ಕಾಳು ತೆಗೀರಿ ಧಣಿ. ತೆಗೆದ್ರೆ ಕೀಲಿ ನಿಮ್ದೇ” ಎಂದ. ಧಣಿ ಬೆವರು ಹರಿಯುವ ತನಕ ಹೆಣಗಿದ. ಮುದುಕಿ ಅಲ್ಲೇ ಕೂತು ಬುಟ್ಟಿ ಹೆಣೆಯುತ್ತಿದ್ದಳು. ಕೊನೆಗೆ ಧಣಿಯೇ ಎದ್ದು, ಕೀಲಿಯನ್ನು ಎತ್ತಿ ಗೆದ್ದವನ ಕೈಗೆ ಕೊಟ್ಟ. ಆ ಸಂಜೆಯೇ ಕೆಳಗಿನ ಗದ್ದೆಗಳಿಗೆ ನೀರು ಹರಿಯಿತು. ನಮ್ಮೂರಿನವರು ಎಲ್ಲಿಗೆ ಹೋದರೂ ಇಂದಿಗೂ ತಲೆಯೆತ್ತಿ ಹೇಳುವುದು ಒಡೆದ ಆ ಎರಡು ಗಡಿಗೆಗಳ ಮಾತನ್ನೇ.

ಕತೆ ಮುಗಿಯಿತು. “ಗಡಿಗೆ ಅಂದರೆ ಅದು, ಬುದ್ಧಿ! ನನ್ನ ಪಟ್ಟಿಯೂ ಹಾಗೇ ಗಟ್ಟಿಯಾಗಬೇಕು” ಎಂದು ಶಿಷ್ಯ ಹಿಗ್ಗಿದ.

ಗುರುಗಳು ಅವನ ಮುಖವನ್ನೇ ನೋಡಿದರು.

“ಕುಂಬಾರ ಅವಳನ್ನು ತಿಗರಿಯ ಪಕ್ಕ ಕೂರಿಸಿದ, ನೀನು ಎಲ್ಲಿ ಕೂರಿಸಿದ್ದೀಯ, ಮಗು?”