ಕೆಂಡ ಒಯ್ದ ವ್ಯಾಪಾರಿ

"ಗುರುಗಳೇ, ನಾನು ಬದಲಾಗಿದ್ದೇನೆ. ಆದರೆ ಅದು ಯಾರಿಗೂ ಕಾಣುತ್ತಿಲ್ಲ. ಏಕೆ?" ಎಂದು ಶಿಷ್ಯ ಕೇಳಿದ.

ಅವನು ಮಹಾ ಕೋಪಿಷ್ಠನಾಗಿದ್ದವನು. ಮಠಕ್ಕೆ ಬಂದ ಮೇಲೆ ಕೋಪ ಬಿಟ್ಟಿದ್ದ. ಬಿಟ್ಟದ್ದು ನಿಜ, ಬಿಟ್ಟೆನೆಂಬ ಹೆಮ್ಮೆ ಇದ್ದದ್ದೂ ನಿಜ. ಗುರುಗಳು ಪ್ರಾಯದಲ್ಲಿ ಕೇದಾರದ ಕಡೆಯ ಹಿಮದ ಊರುಗಳಲ್ಲಿ ಸಂಚರಿಸಿದವರು. ಅಲ್ಲಿಯ ಕತೆಯನ್ನೇ ಹೇಳಿದರು.

ಬೆಟ್ಟದ ಮೇಲಿನ ಒಂದು ಪೇಟೆಯಲ್ಲಿ ಉಣ್ಣೆಯ ವ್ಯಾಪಾರಿಯೊಬ್ಬನಿದ್ದ. ಅವನ ಬಾಯಿಗೆ ಊರೇ ಹೆದರುತ್ತಿತ್ತು. ಗಿರಾಕಿ ಉಣ್ಣೆಯನ್ನು ಇನ್ನೊಮ್ಮೆ ಮುಟ್ಟಿ ನೋಡಿದರೆ ಸಾಕು, ಅವನ ಕೂಗು ಬೀದಿಯ ಕೊನೆಗೆ ಕೇಳಿಸುತ್ತಿತ್ತು. ಒಂದು ದಿನ ಹೆಂಡತಿ ಅವನ ದನಿಗೆ ಬೆಚ್ಚಿ, ಕೈಯಲ್ಲಿದ್ದ ರೊಟ್ಟಿಯ ತಟ್ಟೆಯನ್ನು ಕೆಳಗೆ ಬಿಟ್ಟಳು. ಅವಳು ಅಳಲಿಲ್ಲ, ಮಾತೂ ಆಡಲಿಲ್ಲ. ಬಗ್ಗಿ ಚೂರುಗಳನ್ನು ಆರಿಸಿದಳು. ಅವನಿಗೆ ನಾಚಿಕೆಯಾಯಿತು. ಅಂದಿನಿಂದ ದನಿ ಎತ್ತಲಿಲ್ಲ. ಹಲ್ಲು ಕಚ್ಚಿಕೊಂಡು ಇಡೀ ವರ್ಷ ಕಳೆದ. ಅದೇನು ಸುಲಭದ ಮಾತೇ? ಎದೆ ಸೆಟೆಸಿಕೊಂಡು ಓಡಾಡುವಷ್ಟು ಹೆಮ್ಮೆ ಪಟ್ಟ. ಪಡಲಿ ಬಿಡು, ಕಷ್ಟಪಟ್ಟು ಗಳಿಸಿದ್ದು.

ಚಳಿಗಾಲ ಬಂತು. ಒಂದು ಬೆಳಗ್ಗೆ ಪೇಟೆಯೆಲ್ಲ ಹಿಮದಲ್ಲಿ ಮುಚ್ಚಿಹೋಗಿತ್ತು. ಅಂಗಡಿಗಳು ತೆರೆಯಲಿಲ್ಲ. ಎಲ್ಲೂ ಸದ್ದಿಲ್ಲ. ವ್ಯಾಪಾರಿ ಕಿಟಕಿಯ ಬಳಿ ಕುಳಿತು, ತಾನು ಎಂಥವನಿದ್ದೆ, ಎಂಥವನಾದೆ ಎಂದು ಮೆಲುಕು ಹಾಕುತ್ತಿದ್ದ. ಊರು ಇಷ್ಟು ಶಾಂತವಾಗಿರುವುದಕ್ಕೂ ತಾನೇ ಕಾರಣವೇನೋ ಎಂದು ಅವನಿಗೆ ಅನಿಸಿತು.

ಆಗ ಪಕ್ಕದ ಮನೆಯ ಹೆಂಗಸು ಹೊರಗೆ ಬಂದಳು. ಅವಳ ಗಂಡ ಕುರಿ ಹೊಡೆದುಕೊಂಡು ಕಣಿವೆಗೆ ಇಳಿದಿದ್ದ. ಮನೆಯಲ್ಲಿ ಹಸುಗೂಸು ಇತ್ತು. ಕೈಯಲ್ಲಿ ಖಾಲಿ ಕುಡಿಕೆ ಕಂಡು, ಅವಳ ಒಲೆ ಆರಿದೆ ಎಂದು ವ್ಯಾಪಾರಿ ತಿಳಿದ. ಆ ಊರಿನಲ್ಲಿ ಒಲೆ ಆರಿದವರು ನೆರೆಮನೆಯ ಬಾಗಿಲಿಗೆ ಹೋಗಿ ಕೆಂಡ ಕೇಳುವುದು ವಾಡಿಕೆ. ಕೇಳಿದವರಿಗೆ ಇಲ್ಲವೆನ್ನುವಂತಿಲ್ಲ. ಕೇಳದವರ ಮನೆಗೆ ಒಯ್ದು ಕೊಡುವಂತೆಯೂ ಇಲ್ಲ. ನಿನ್ನ ಒಲೆ ಆರಿದೆ ಎಂದು ಹಂಗಿಸಿದ ಹಾಗಾಗುತ್ತದೆ.

ಅವಳು ವ್ಯಾಪಾರಿಯ ಬಾಗಿಲಿಗೆ ಬಂದಳು. ತಟ್ಟಲು ಕೈ ಎತ್ತಿದಳು. ಹಿಂದೊಮ್ಮೆ ಕೆಂಡಕ್ಕೆ ಬಂದಾಗ, ಹಿಮದ ಕಾಲಲ್ಲಿ ಒಳಗೆ ಬಂದಳೆಂದು ಅವನು ಬೈದಿದ್ದ. ಅವನು ಅದನ್ನು ಮರೆತಿದ್ದ, ಅವಳು ಮರೆತಿರಲಿಲ್ಲ. ಎತ್ತಿದ ಕೈ ಇಳಿಸಿ, ಮೊಣಕಾಲುದ್ದದ ಹಿಮದಲ್ಲಿ ಬೀದಿಯ ಆಚೆ ತುದಿಗೆ ನಡೆದಳು. ಬಹಳ ಹೊತ್ತಿನ ಮೇಲೆ ಕೆಂಡ ತುಂಬಿಕೊಂಡು ಬಂದವಳು ಅವನ ಕಣ್ಣೆದುರೇ ಜಾರಿಬಿದ್ದಳು. ಕೆಂಡವೆಲ್ಲ ಹಿಮದಲ್ಲಿ ಆರಿಹೋಯಿತು. ಅವಳು ಎದ್ದು, ಬರಿಗುಡಿಕೆಯೊಂದಿಗೆ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ವ್ಯಾಪಾರಿಗೆ ಮೈ ಉರಿಯಿತು. ನಾನು ಇಷ್ಟು ಬದಲಾಗಿದ್ದೇನೆ, ಇವಳ ಕಣ್ಣಿಗೆ ಕಾಣುವುದಿಲ್ಲವೇ ಎಂದು ಹೆಂಡತಿಯನ್ನು ಕೇಳಿದ.

ಹೆಂಡತಿ ನೂಲು ತೆಗೆಯುತ್ತಿದ್ದಳು. "ನೀವು ಕೂಗಿದ್ದು ಊರಿಗೆಲ್ಲ ಕೇಳಿತ್ತು. ಕೂಗದೆ ಇದ್ದದ್ದು ಯಾರಿಗೆ ಕೇಳಬೇಕು?" ಎಂದಳು.

ಅವನು ಮತ್ತೆ ಕಿಟಕಿಯ ಬಳಿ ಕುಳಿತ. ಬಂದು ಕೇಳಲಿ, ಕೊಡುತ್ತೇನೆ; ವಾಡಿಕೆ ನನ್ನ ಕಡೆಗಿದೆ ಎಂದುಕೊಂಡ. ಗೋಡೆಯಾಚೆ ಕೂಸು ಅಳುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಅಳು ಸಣ್ಣದಾಯಿತು. ಅವನು ಎದ್ದ. ತನ್ನ ಒಲೆಯ ಕೆಂಡವನ್ನು ಅಗ್ಗಿಷ್ಟಿಕೆಗೆ ತುಂಬಿ, ಕಂಬಳಿಯ ಮರೆ ಮಾಡಿಕೊಂಡು ಹೋಗಿ, ಪಕ್ಕದ ಮನೆಯ ಬಾಗಿಲು ತಟ್ಟಿದ.

ಬಾಗಿಲು ತೆರೆದವಳು ಅವನನ್ನು ಕಂಡು, ಕೂಸನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದಳು. ನಾನೀಗ ಮೊದಲಿನವನಲ್ಲ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ವರ್ಷವಿಡೀ ಯಾರಿಗಾದರೂ ಹೇಳಬೇಕೆಂದು ಕಾದಿಟ್ಟುಕೊಂಡಿದ್ದ ಮಾತು ಅದು. ಅಷ್ಟರಲ್ಲಿ ಕೂಸಿನ ತುಟಿ ನೀಲಿಗಟ್ಟಿದ್ದು ಕಣ್ಣಿಗೆ ಬಿತ್ತು.

"ಕೆಂಡ ತಂದಿದ್ದೇನೆ, ತಾಯಿ. ತಪ್ಪು ತಿಳಿಯಬೇಡ" ಎಂದು ಅಗ್ಗಿಷ್ಟಿಕೆಯನ್ನು ಹೊಸ್ತಿಲ ಒಳಗಿಟ್ಟು ಹಿಂದಿರುಗಿದ.

ತನ್ನ ಬಾಗಿಲಲ್ಲೇ ನಿಂತು ನೋಡಿದ. ಪಕ್ಕದ ಮನೆಯ ಮಾಡಿನಿಂದ ಹೊಗೆ ಎದ್ದಿತು. ಅವನ ಕಣ್ಣು ತುಂಬಿ ಬಂತು. ವರ್ಷವಿಡೀ ಪಟ್ಟ ಹೆಮ್ಮೆ ಆ ಹೊಗೆಯ ಮುಂದೆ ಏನೇನೂ ಅಲ್ಲವೆನಿಸಿತು. ಈಗ ಆದಂಥ ಹೆಮ್ಮೆ ಅವನಿಗೆ ಹಿಂದೆಂದೂ ಆಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. ವ್ಯಾಪಾರಿ ಬದಲಾದದ್ದು ಆಗಲಾದರೂ ಆಕೆಗೆ ಕಂಡಿತೇ ಎಂದು ಕೇಳಿದ.

ಗುರುಗಳು ಹೇಳಿದರು: "ಆಕೆಗೆ ಕೂಸನ್ನು ಬೆಚ್ಚಗೆ ಮಾಡುವ ಕೆಲಸವಿತ್ತಪ್ಪಾ, ಅವನನ್ನು ನೋಡಲು ಪುರುಸೊತ್ತೆಲ್ಲಿತ್ತು?"