ಹಳೆಯ ಸಿಂಬಲ್ ದನಿ ಕೊಟ್ಟದ್ದು

ಡ್ರಮ್ಮರ್ ವಲೇರಿಯನ್ ಮತ್ತು ಕಂಚುಗಾರ ಸೋಮಾಚಾರಿ ಸೇರಿ ಹೊಸ ಸಿಂಬಲೊಂದನ್ನು ರೂಪಿಸುತ್ತಿದ್ದರು. ಸಿಂಬಲ್ ಎಂದರೆ ಡ್ರಮ್ಮಿನ ಜೊತೆ ಕೋಲಿನಿಂದ ಬಾರಿಸುವ ಕಂಚಿನ ತಟ್ಟೆ. ಮಾದರಿಗೆಂದು ವಲೇರಿಯನ್ ತನ್ನ ಹಳೆಯ ಸಿಂಬಲನ್ನೇ ತಂದಿದ್ದ. ಅದರ ಅಂಚು ಬಿರುಕು ಬಿಟ್ಟಿತ್ತು, ಆದ್ದರಿಂದ ಇನ್ನು ಜೋರಾಗಿ ಬಾರಿಸುವಂತಿರಲಿಲ್ಲ. ಅವನು ಹಳೆಯದನ್ನು ಮೆಲ್ಲಗೆ ತಟ್ಟಿ, ಆಮೇಲೆ ಹೊಸದನ್ನು ತಟ್ಟುವನು. ಎರಡರ ದನಿ ಒಂದಾಗುವವರೆಗೆ ಆಚಾರಿ ಹೊಸದನ್ನು ಬಡಿದು ತಿದ್ದುವನು.

ಹಳೆಯದಕ್ಕೆ ಇದನ್ನು ಸಹಿಸಲಾಗಲಿಲ್ಲ. ತನ್ನ ದನಿಯನ್ನು ಹೊಸದಕ್ಕೆ ಕೊಟ್ಟುಬಿಟ್ಟರೆ ತನ್ನನ್ನು ಯಾರು ಕೇಳುತ್ತಾರೆ ಎಂಬ ಭಯ ಅದಕ್ಕೆ. ಹಾಗಾಗಿ ತಟ್ಟಿದಾಗ ಬೇಕೆಂದೇ ಗೊರಗೊರ ಎಂದಿತು.

"ಅಜ್ಜೀ, ಗಂಟಲು ಕಟ್ಟಿತೇ?" ಎಂದು ಹೊಸದು ಕೇಳಿತು.

"ನನ್ನ ಗಂಟಲು, ನನ್ನಿಷ್ಟ. ನಿನ್ನದನ್ನು ನೀನೇ ಹುಡುಕಿಕೋ" ಎಂದಿತು ಹಳೆಯದು.

ವಲೇರಿಯನ್ ಕೋಲು ಕೆಳಗಿಟ್ಟ. "ಆಚಾರ್ರೇ, ಇದರ ದನಿ ಹೋಗೇಬಿಟ್ಟಿತು. ಮದುವೆ ಮನೆಗಳಲ್ಲಿ ಇದು ಮೊಳಗಿದರೆ ಅಡುಗೆಯವರೂ ಸೌಟು ಹಿಡಿದುಕೊಂಡೇ ಆಚೆ ಬರುತ್ತಿದ್ದರು. ಇನ್ನು ಆ ದನಿ ಯಾರಿಗೂ ಕೇಳಿಸುವುದಿಲ್ಲ."

ಹಳೆಯದಕ್ಕೆ ಆ ಚಪ್ಪರಗಳು, ಆ ಸೌಟುಗಳು ಎಲ್ಲ ನೆನಪಾದವು. ವಲೇರಿಯನ್ ಕೋಲೆತ್ತಿ ಮತ್ತೊಮ್ಮೆ ತಟ್ಟಿದಾಗ, ಅದು ಆಸೆ ತಡೆಯದೆ, ಬಿರುಕನ್ನೂ ಮರೆತು ಮನಸಾರೆ ಮೊಳಗಿತು. ಹೊಸದನ್ನು ಆ ದನಿಗೆ ತಿದ್ದಲು ಆಚಾರಿ ಸುತ್ತಿಗೆ ಎತ್ತಿಕೊಂಡ.

ಕೆಲಸ ಮುಗಿದ ಮೇಲೆ ಹಳೆಯದನ್ನು ಗೋಡೆಯ ಮೊಳೆಗೆ ತೂಗುಹಾಕಿದರು. ವಲೇರಿಯನ್ ಹೊಸದನ್ನು ಬಾರಿಸಿದ. ಗೋಡೆಯ ಮೇಲಿನ ಹಳೆಯದು ತಾನಾಗಿಯೇ ಝೇಂಕರಿಸಿತು.

"ನನ್ನನ್ನು ಯಾರೂ ಮುಟ್ಟಲೇ ಇಲ್ಲವಲ್ಲ!" ಎಂದು ಬೆರಗಾಯಿತು.

"ನಮ್ಮಿಬ್ಬರದೂ ಒಂದೇ ದನಿ, ಅಜ್ಜೀ. ನನ್ನನ್ನು ಬಾರಿಸಿದಾಗಲೆಲ್ಲ ನಿನಗೂ ತಾಗುತ್ತದೆ" ಎಂದಿತು ಹೊಸದು.