ಅರ್ಧ ಡಂಗುರ

"ಬುದ್ಧಿ, ನಮ್ಮ ಮಾತು ಹೆಚ್ಚು ಜನರಿಗೆ ಮುಟ್ಟುವುದು ಹೇಗೆ?" ಎಂದು ಚನ್ನವೀರ ಕೇಳಿದ. ಮಠದ ಫೇಸ್‌ಬುಕ್ ಪುಟ ನೋಡಿಕೊಳ್ಳುತ್ತಿದ್ದ ಶಿಷ್ಯ ಅವನು. "ನಿನ್ನೆ ತಮ್ಮ ಪ್ರವಚನ ಹಾಕಿದೆ. ಒಂಬತ್ತು ಜನ ಶೇರ್ ಮಾಡಿದರು, ಅದರಲ್ಲಿ ನಾನೂ ಒಬ್ಬ. ಇವತ್ತು ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ಗುರುತಿಲ್ಲದ ಮನುಷ್ಯನೊಬ್ಬ ನಿಂತಿದ್ದ. ಫೋಟೋ ತೆಗೆದು 'ಯಾರಿವನು? ಮಕ್ಕಳು ಜೋಪಾನ' ಎಂದಷ್ಟೇ ಬರೆದೆ. ಮಧ್ಯಾಹ್ನದೊಳಗೆ ಎರಡು ಸಾವಿರ ದಾಟಿತು! ಇನ್ನು ಎಲ್ಲವನ್ನೂ ಹಾಗೆಯೇ ಬರೆಯೋಣವೇ?"

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಡಂಗುರ ಸಾರುವವನೊಬ್ಬನಿದ್ದ. ನಾಳೆ ನಾಲೆಗೆ ನೀರು ಬಿಡುತ್ತಾರೆ, ನಾಡಿದ್ದು ಸಂತೆ ಇಲ್ಲ, ಇಂಥವನ್ನೇ ಸಾರುತ್ತಿದ್ದ. ಕೊನೆಗೆ "ಕೇಳಿದವರು ಕೇಳದವರಿಗೆ ಹೇಳಿ" ಎನ್ನುವುದು ಪದ್ಧತಿ. ಯಾರೂ ಹೇಳುತ್ತಿರಲಿಲ್ಲ. ಪಕ್ಕದ ಬೀದಿಯವರು ಮರುದಿನ ಬಂದು "ನೀನು ಸಾರಲೇ ಇಲ್ಲ" ಎಂದು ಅವನನ್ನೇ ಬೈಯುತ್ತಿದ್ದರು. ಗಂಟಲು ಹರಿದುಕೊಂಡದ್ದೇ ಬಂತು ಎಂದು ಅವನಿಗೆ ಸಂಕಟ.

ಒಂದು ದಿನ "ಗುರುತಿಲ್ಲದವನೊಬ್ಬ ಊರ ಸುತ್ತ ತಿರುಗುತ್ತಿದ್ದಾನೆ" ಎನ್ನುವಷ್ಟರಲ್ಲಿ ಅವನಿಗೆ ಕೆಮ್ಮು ಬಂತು. ಆ ಮನುಷ್ಯನ ಎತ್ತು ಕಳೆದಿದೆ, ಕಂಡವರು ತಿಳಿಸಿ ಎಂಬುದು ಉಳಿದ ಮಾತು. ಕೆಮ್ಮು ನಿಂತು ತಲೆಯೆತ್ತಿದರೆ ಎದುರಿಗೆ ಒಬ್ಬರೂ ಇಲ್ಲ. ಸಂಜೆಯ ಹೊತ್ತಿಗೆ ಆ ಅರ್ಧ ಮಾತು ಏಳು ಊರು ಸುತ್ತಿತ್ತು. ಉಳಿದರ್ಧವನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ತುಂಬಿಕೊಂಡಿದ್ದರು.

ಅಂದಿನಿಂದ ಅವನು ಬೇಕೆಂದೇ ಅರ್ಧಕ್ಕೆ ನಿಲ್ಲಿಸತೊಡಗಿದ. ತಮಟೆಯ ಸದ್ದು ಕೇಳಿದರೆ ಸಾಕು, ಜನ ಕೈಕೆಲಸ ಬಿಟ್ಟು ಓಡಿ ಬರುತ್ತಿದ್ದರು. ಪಾಪ, ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಒಮ್ಮೆ ಜರಡಿ ಮಾರುವವನೊಬ್ಬ ಬಂದು, ತಾನು ಬಂದಿರುವುದನ್ನು ಸಾರಲು ಹೇಳಿದ. "ಹೆಗಲಿಗೆ ಚೀಲ ಹಾಕಿದವನೊಬ್ಬ ಹೊಳೆ ದಾಟಿ ಬಂದಿದ್ದಾನೆ" ಎಂದು ಸಾರಿ, ಜರಡಿಯ ಮಾತನ್ನು ಇವನು ನುಂಗಿಕೊಂಡ. ಮಕ್ಕಳನ್ನು ಕದ್ದೊಯ್ಯುವವನಂತೆ ಎಂದು ಜನ ತುಂಬಿಕೊಂಡರು.

ಮೂರನೆಯ ದಿನ ಡಂಗುರದವನ ಅಳಿಯ, ತವರಿನಲ್ಲಿದ್ದ ಬಾಣಂತಿ ಹೆಂಡತಿಯನ್ನು ನೋಡಲು ಹೊರಟ. ಹೆಗಲ ಚೀಲದಲ್ಲಿ ಕುಲಾವಿ, ಗಿಲಕಿ, ಒಂದು ಪುಟ್ಟ ಅಂಗಿ. ದಾರಿಯ ಊರಿನವರು ಅಡ್ಡಗಟ್ಟಿ ಚೀಲ ಕಿತ್ತು ನೋಡಿದರು. ಕೂಸಿನ ಬಟ್ಟೆ!

"ಅಣ್ಣಾ, ಮುಂದಿನೂರಿನಲ್ಲಿ ಒಂದು ಕೂಸಿದೆ..." ಎಂದು ಅವನು ಶುರುಮಾಡಿದ. ಉಳಿದದ್ದನ್ನು ಯಾರೂ ಕೇಳಲಿಲ್ಲ. ಅಲ್ಲೇ ಹೊಡೆದು ಕೊಂದರು.

ಮಣ್ಣು ಮಾಡಿ ಬಂದವನೇ ಮಾವ ತಮಟೆ ಕಟ್ಟಿಕೊಂಡು ಬೀದಿಗಿಳಿದ. "ಚೀಲದವನು ಜರಡಿ ಮಾರುವವನು. ಸತ್ತವನು ನನ್ನ ಅಳಿಯ. ಅರ್ಧ ಹೇಳಿ ಕೊಂದವನು ನಾನು. ಕೇಳಿದವರು ಕೇಳದವರಿಗೆ ಹೇಳಿ" ಎಂದು ಅಳುತ್ತಾ ಪೂರ್ತಿ ಸಾರಿದ. ಜನ ಪೂರ್ತಿ ಕೇಳಿದರು. ಅಯ್ಯೋ ಪಾಪ ಎಂದು ಮನೆಗೆ ಹೋದರು. ಆ ಮಾತು ಆ ಬೀದಿ ದಾಟಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ಫೋನು ಕೈಗೆತ್ತಿಕೊಂಡ. "ಆ ಫೋಟೋ ಈಗಲೇ ಅಳಿಸಿಬಿಡುತ್ತೇನೆ, ಬುದ್ಧಿ" ಎಂದ.

"ಅಳಿಸು ಮರಿ. ಆದರೆ ಆ ಮನುಷ್ಯ ಈಗ ಯಾವ ಊರು ದಾಟುತ್ತಿದ್ದಾನೆ?"